ಅಂಗಳದ ಹೂಪಾತಿಗೆ ಈರುಳ್ಳಿಯ ಬಂಧುಗಳು

ಈಚೆಗೆ ನಮ್ಮ ಸದಸ್ಯರ ಮನೆಗಳಿಗೆ ಬಣ್ಣಬಣ್ಣದ ಚಿತ್ರವಿರುವ ಗೆಡ್ಡೆಯ ಪೊಟ್ಟಣಗಳು ಬರತೊಡಗಿವೆ. ಎದೆಯೆತ್ತರದ ದಂಟು, ಅದರ ತುದಿಗೆ ತೆಂಗಿನಕಾಯಿ ಗಾತ್ರದ ನೇರಳೆ ಚೆಂಡು. ಹೆಸರು ಆಲಿಯಂ. ಒಂದು ಗೆಡ್ಡೆಯ ಬೆಲೆಗೆ ಒಂದೆರಡು ಅಡಿಕೆ ಸಸಿ ಕೊಳ್ಳಬಹುದು. ನೆಟ್ಟವರು ಕಂಡದ್ದು ಮಾತ್ರ ನಾಲ್ಕು ಎಲೆ. ಮಳೆ ಹಿಡಿದ ಮೇಲೆ ಗೆಡ್ಡೆಯೂ ಇಲ್ಲ. ಹಣ ಹಾಕುವ ಮೊದಲು ಗಿಡದ ಸ್ವಭಾವ ತಿಳಿದಿರಲೆಂದು ಈ ನಾಲ್ಕು ಮಾತು.

ಆಲಿಯಂ ಎಂದರೆ ಈರುಳ್ಳಿ, ಬೆಳ್ಳುಳ್ಳಿಗಳ ಕುಲವೇ. ಇದರಲ್ಲಿ ೮೦೦ಕ್ಕೂ ಮಿಕ್ಕಿ ಜಾತಿಗಳಿವೆ. ಚಿತ್ರದಲ್ಲಿ ಕಾಣುವ ಜೈಗಾಂಟಿಯಂ, ಕ್ರಿಸ್ಟೋಫಿ ಮುಂತಾದವು ಇರಾನ್, ತುರ್ಕಮೆನಿಸ್ತಾನದ ಕಡೆಯ ಬೆಟ್ಟದ ಇಳಿಜಾರಿನವು. ಅಲ್ಲಿ ಚಳಿಗಾಲದಲ್ಲಿ ಹಿಮ, ವಸಂತದ ಕೊನೆಗೆ ಹೂ, ಬೇಸಿಗೆಯಲ್ಲಿ ಒಣನೆಲದೊಳಗೆ ಗೆಡ್ಡೆಯ ನಿದ್ರೆ. ಮೂರು ನಾಲ್ಕು ತಿಂಗಳು ೫ ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ಚಳಿ ತಾಗದೆ ಹೂದಂಟು ಏಳುವುದಿಲ್ಲ. ನಮ್ಮ ಮಲೆನಾಡಿನಲ್ಲಿ ಆ ಚಳಿಯೂ ಇಲ್ಲ. ಗೆಡ್ಡೆ ಮಲಗಬೇಕಾದ ಕಾಲಕ್ಕೆ ನೂರು ಅಂಗುಲ ಮಳೆ. ಫ್ರಿಜ್ಜಿನಲ್ಲಿಟ್ಟು ನೆಟ್ಟರೆ ಒಮ್ಮೆ ಹೂ ಬಂದೀತು, ಮರುವರ್ಷಕ್ಕೆ ಗೆಡ್ಡೆ ತುಂಬುವುದಿಲ್ಲ. ಬೀಜದಿಂದ ಮಾಡುವೆನೆಂದರೆ ತಂಪು ದೇಶದಲ್ಲೇ ಹೂವಿಗೆ ಮೂರರಿಂದ ಐದು ವರ್ಷ ಕಾಯಬೇಕು. ‘ಪರ್ಪಲ್ ಸೆನ್ಸೇಷನ್’ನಂತಹ ಹೆಸರಿನ ತಳಿಗಳು ಬೀಜದಲ್ಲಿ ತಾಯಿಯ ಹಾಗೆ ಬರುವುದೂ ಇಲ್ಲ, ಮರಿಗೆಡ್ಡೆ ಬಿಡಿಸಿಯೇ ವೃದ್ಧಿ ಮಾಡಬೇಕು. ಇಂಗ್ಲೆಂಡಿನಲ್ಲಿ ಮಕ್ಕಳಿರುವವರು ಮೇ-ಜೂನ್‌ನಲ್ಲಿ ಹೋದಾಗ ಕಣ್ತುಂಬ ನೋಡಿ ಬರಲಿ.

ಹಾಗೆಂದು ನಮ್ಮ ಅಂಗಳಕ್ಕೆ ಈ ಕುಲದ ಹೂವೇ ಇಲ್ಲವೆಂದಲ್ಲ. ಚೀನೀ ಚೈವ್ ಎಂಬ ಆಲಿಯಂ ಟ್ಯೂಬರೋಸಂ ಚಳಿ ಬೇಡುವುದಿಲ್ಲ. ಮಣಿಪುರದವರು ಅಡುಗೆಗೆ ಬಳಸುವ ಮರೊಯ್ ನಕುಪ್ಪಿ ಇದೇ. ಎಲೆ ಈರುಳ್ಳಿಯಂತೆ ಕೊಳವೆಯಲ್ಲ, ಚಪ್ಪಟೆ. ಒಂದೂವರೆ ಅಡಿ ದಂಟಿನ ಮೇಲೆ ನಕ್ಷತ್ರದಂತಹ ಬಿಳಿ ಹೂಗೊಂಚಲು. ಗೆಡ್ಡೆ ಹೆಸರಿಗಷ್ಟೆ, ಬುಡ ಬೇರುಗಡ್ಡೆಯಾಗಿ ಹಬ್ಬಿ ಗುಂಪಾಗುತ್ತದೆ. ಏಲಕ್ಕಿ ಬುಡ ಒಡೆದು ಗೊತ್ತಿದ್ದವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಮೂರು ವರ್ಷಕ್ಕೊಮ್ಮೆ ಗುಂಪನ್ನು ಅಗೆದು, ಒಂದೊಂದು ಭಾಗಕ್ಕೆ ನಾಲ್ಕೈದು ಮೊಳಕೆ ಉಳಿಯುವಂತೆ ಬಿಡಿಸಿ, ಎಲೆಯನ್ನು ನಾಲ್ಕು ಅಂಗುಲಕ್ಕೆ ಕತ್ತರಿಸಿ, ಗೇಣಿಗೊಂದರಂತೆ ನೆಡುವುದು. ಕಾಲ ಮಾತ್ರ ಮುಖ್ಯ: ದೊಡ್ಡ ಮಳೆ ಕಳೆದು ನೆಲ ಇನ್ನೂ ಹಸಿ ಇರುವಾಗ. ಬೀಜವಾದರೆ ಆ ವರ್ಷದ್ದೇ ಆಗಬೇಕು. ಈರುಳ್ಳಿ ಬೀಜದಂತೆ ಇದೂ ಬೇಗ ಸತ್ವ ಕಳೆದುಕೊಳ್ಳುತ್ತದೆ. ಬಾಡಿದ ಹೂ ಕೀಳದಿದ್ದರೆ ಪಾತಿ ತುಂಬ ಬೀಜ ಉದುರಿ ಕಳೆಯಾದೀತು.

ಏರುಮಡಿ, ಕಾಲು ಭಾಗ ಮರಳು, ಕಳಿತ ಕೊಟ್ಟಿಗೆ ಗೊಬ್ಬರ ಬೇಕು. ನಮ್ಮ ಮಣ್ಣಿನ ಹುಳಿ ಈ ಕುಲಕ್ಕೆ ಹಿಡಿಸದು. ಕಾಫಿಗೆ ತಂದ ಸುಣ್ಣದಲ್ಲೇ ಮಡಿಗೊಂದೆರಡು ಹಿಡಿ ಹಾಕಿದರಾಯಿತು. ಸಿಲ್ವರ್ ಮರದ ನೆರಳಿನಲ್ಲಿ ಎಲೆ ಬರುತ್ತದೆ, ಹೂ ಬರುವುದಿಲ್ಲ.

ನೇರಳೆಯೇ ಬೇಕೆನ್ನುವ ಮನೆಯವರಿಗೆ ದಕ್ಷಿಣ ಆಫ್ರಿಕದ ತುಲ್ಬಾಘಿಯಾ ಇದೆ. ಆಲಿಯಂ ಅಲ್ಲ, ಹತ್ತಿರದ ನೆಂಟ. ಎಲೆ ಹೊಸಕಿದರೆ ಬೆಳ್ಳುಳ್ಳಿಯ ವಾಸನೆ. ವೃದ್ಧಿಯೂ ಬುಡ ಒಡೆದೇ. ಇದು ಹಾವನ್ನು ದೂರವಿಡುತ್ತದೆಂದು ಮಾರುವವರು ಹೇಳುತ್ತಾರೆ. ನಾವು ಟಾರ್ಚು ಮತ್ತು ಗಂಬೂಟನ್ನೇ ನಂಬಿದ್ದೇವೆ.

ಇನ್ನು ಕಾಸಿಲ್ಲದ ದಾರಿ. ಅಡುಗೆಮನೆಯ ದಪ್ಪ ಈರುಳ್ಳಿಯ ಮೇಲ್ಭಾಗ ಮೂರರಲ್ಲೊಂದು ಪಾಲು ಕೊಯ್ದು ಅಕ್ಟೋಬರ್-ನವೆಂಬರ್‌ನಲ್ಲಿ ಬಿಸಿಲಿರುವ ಮಡಿಗೆ ಹಾಕಿರಿ. ಬೀಜದ ಈರುಳ್ಳಿ ಬೆಳೆಯುವ ಬಯಲುಸೀಮೆಯ ರೈತರು ಮಾಡುವುದೂ ಹೀಗೆಯೇ. ನಮ್ಮ ತಳಿಗಳಿಗೆ ಇಲ್ಲಿಯ ಮಾಗಿಯ ಚಳಿ ಸಾಕಾಗುವುದುಂಟು. ದಂಟೆದ್ದರೆ ತುದಿಗೆ ಬಿಳಿ ಚೆಂಡು ಅರಳಿ, ಕಾಫಿ ಹೂವಿಗೆ ಮುಂಚೆಯೇ ಜೇನು ಎರಗುತ್ತದೆ. ಚಿತ್ರದ ನೇರಳೆಯಷ್ಟು ಠೀವಿಯಿಲ್ಲ, ನಿಜ.

ಒಂದು ಎಚ್ಚರಿಕೆ ಅವಶ್ಯ. ಈ ಕುಲದ ಸೊಪ್ಪು, ಗೆಡ್ಡೆ ಹೆಚ್ಚಾಗಿ ತಿಂದರೆ ದನಗಳಿಗೂ ನಾಯಿಗಳಿಗೂ ರಕ್ತ ಕೆಡುತ್ತದೆ. ಕಿತ್ತ ಬುಡಗಳನ್ನು ಕೊಟ್ಟಿಗೆಯ ಕಡೆ ಎಸೆಯದೆ ಗೊಬ್ಬರದ ಗುಂಡಿಗೆ ಹಾಕಿ ಮಣ್ಣು ಮುಚ್ಚಿರಿ.

ಸಂಘದ ಕಛೇರಿಯ ಮುಂದಿನ ಚೈವ್ ಪಾತಿಯನ್ನು ಸೆಪ್ಟೆಂಬರ್ ಕೊನೆಯ ವಾರ ಒಡೆಯುತ್ತೇವೆ. ಬೇಕಾದ ಸದಸ್ಯರು ಒದ್ದೆ ಗೋಣಿಚೀಲ ತಂದು ಒಯ್ಯಬಹುದು, ಮನೆಗೆ ನಾಲ್ಕು ಬುಡ, ಹಣವಿಲ್ಲ.