ಪುಂಡರು ಯಾರೋ, ಕಂದಾಯ ಯಾರದೋ

ಸ್ವಾತಂತ್ರ್ಯ ಹೋರಾಟದ ಕಥೆಗಳನ್ನು ಓದಿದವರಿಗೆ ‘ಪುಂಡುಗಂದಾಯ’ ಎಂಬ ಪದ ಹೊಸದಲ್ಲ. ಪುಂಡಾಟ ನಡೆಸಿದವರು ನಾಲ್ವರು. ಅದಕ್ಕೆ ಕಂದಾಯ ಕಟ್ಟುವವರು ಊರವರೆಲ್ಲ. ಗಲಭೆಯ ಪ್ರದೇಶವೆಂದು ಸರ್ಕಾರ ಸಾರಿದರೆ ಸಾಕು, ಅಲ್ಲಿಗೆ ಹೆಚ್ಚುವರಿ ಪೊಲೀಸರು ಬರುತ್ತಿದ್ದರು. ಅವರ ಸಂಬಳದ ಹೊರೆ ಊರಿನ ತಲೆಗೆ. ‘ನಾನೇನೂ ಮಾಡಿಲ್ಲ’ ಎಂಬ ಮಾತಿಗೆ ಅಲ್ಲಿ ಬೆಲೆ ಇರಲಿಲ್ಲ.

ಇದರ ಪ್ರಸಿದ್ಧ ಉದಾಹರಣೆ ಗುಜರಾತಿನ ಖೇಡಾ ಜಿಲ್ಲೆಯ ಬೋರ್ಸದ್ ತಾಲ್ಲೂಕಿನದು. ಬಾಬರ್ ದೇವಾ ಎಂಬ ಡಕಾಯಿತನ ತಂಡ ಅಲ್ಲಿ ಕೊಲೆ, ದರೋಡೆ ನಡೆಸಿತ್ತು. ಅವನನ್ನು ಹಿಡಿಯಲಾಗದ ಮುಂಬಯಿ ಸರ್ಕಾರ, ಜನರೇ ಅವನಿಗೆ ಆಸರೆ ಕೊಡುತ್ತಿದ್ದಾರೆಂದು ತೀರ್ಮಾನಿಸಿ 1923ರಲ್ಲಿ ದಂಡದ ತೆರಿಗೆ ಹೇರಿತು. 16 ವರ್ಷ ದಾಟಿದ ಪ್ರತಿ ಗಂಡು ಹೆಣ್ಣಿಗೂ 2 ರೂಪಾಯಿ 7 ಆಣೆ. ಒಟ್ಟು ಸುಮಾರು 2 ಲಕ್ಷ 40 ಸಾವಿರ ರೂಪಾಯಿ. ದರೋಡೆಗೆ ಒಳಗಾದ ಮನೆಯವರೂ ಕಟ್ಟಬೇಕು! ಪೊಲೀಸರಿಗೆ ಸುಳಿವು ಕೊಟ್ಟವರ ಗತಿ ಏನಾಗುತ್ತದೆಂದು ಬಲ್ಲ ಹಳ್ಳಿಗರು ಬಾಯಿ ಮುಚ್ಚಿದ್ದರೆ ಅದನ್ನು ಆಸರೆ ಎನ್ನಬಹುದೆ?

ಗಾಂಧೀಜಿ ಆಗ ಯರವಡಾ ಜೈಲಿನಲ್ಲಿದ್ದರು. ವಲ್ಲಭಭಾಯಿ ಪಟೇಲರು ರವಿಶಂಕರ ಮಹಾರಾಜ್ ಮುಂತಾದವರನ್ನು ಹಳ್ಳಿಹಳ್ಳಿಗೆ ಕಳಿಸಿ ವಿಚಾರಣೆ ನಡೆಸಿದರು. ಹೊರಬಿದ್ದ ಸಂಗತಿ ಬೇರೆಯೇ ಆಗಿತ್ತು. ಬಾಬರನನ್ನು ಹಿಡಿಯಲೆಂದು ಪೊಲೀಸರೇ ಇನ್ನೊಬ್ಬ ಡಕಾಯಿತನಿಗೆ ಆಯುಧ ಕೊಟ್ಟಿದ್ದರು. ಅವನೂ ಊರು ದೋಚಿದ್ದ. ತೆರಿಗೆ ಕಟ್ಟಬೇಡಿ ಎಂದರು ಪಟೇಲರು. ಜಪ್ತಿ ಅಧಿಕಾರಿಗಳು ಬರುವ ಹಗಲು ಹೊತ್ತಿನಲ್ಲಿ ಮನೆಗಳಿಗೆ ಬೀಗ. ಕತ್ತಲಾದ ಮೇಲೆ ಬಾಗಿಲು ತೆರೆದು ಕೆಲಸ. 1924ರ ಜನವರಿಯಲ್ಲಿ ಸರ್ಕಾರ ತೆರಿಗೆಯನ್ನು ಕೈಬಿಟ್ಟಿತು. ಒಂದೂವರೆ ತಿಂಗಳೂ ಹಿಡಿಯದ ಈ ಗೆಲುವು ಬಾರ್ಡೋಲಿಯ ನೆರಳಿನಲ್ಲಿ ಮರೆತುಹೋಗಿದೆ.

ತೆರಿಗೆ ಹೋಯಿತು, ಪದ್ಧತಿ ಹೋಗಲಿಲ್ಲ. 1942ರ ಚಳವಳಿಯಲ್ಲಿ ಸಾಮೂಹಿಕ ದಂಡಕ್ಕೆಂದೇ ಸುಗ್ರೀವಾಜ್ಞೆ ಬಂತು. ದೇಶದಾದ್ಯಂತ ವಿಧಿಸಿದ ಮೊತ್ತ ಸುಮಾರು 90 ಲಕ್ಷ ರೂಪಾಯಿ.

ಸ್ವತಂತ್ರ ಭಾರತವೂ 1861ರ ಪೊಲೀಸ್ ಕಾಯ್ದೆಯ 15ನೇ ಕಲಮನ್ನು ಉಳಿಸಿಕೊಂಡಿತು. ಡಕಾಯಿತರಿಗೆ ಆಶ್ರಯ ಕೊಟ್ಟರೆಂದು ರಾಜಸ್ಥಾನ ಸರ್ಕಾರ ಝುಂಝುನು ಜಿಲ್ಲೆಯ 24 ಹಳ್ಳಿಗಳ ಮೇಲೆ ಪೊಲೀಸ್ ವೆಚ್ಚ ಹೇರಿ, ಹರಿಜನರಿಗೂ ಮುಸ್ಲಿಮರಿಗೂ ವಿನಾಯಿತಿ ಕೊಟ್ಟಿತ್ತು. ಉಳಿದ ಜಾತಿಗಳಲ್ಲೂ ಶಾಂತಿಪ್ರಿಯರಿದ್ದಾರಲ್ಲ, ಅವರಿಗೇಕಿಲ್ಲ ಎಂಬುದು ವಾದ. ಜಾತಿ, ಧರ್ಮ ನೋಡಿ ವಿನಾಯಿತಿ ಕೊಡುವುದು ಸಂವಿಧಾನಕ್ಕೆ ವಿರುದ್ಧವೆಂದು ಸುಪ್ರೀಂ ಕೋರ್ಟ್ 1960ರಲ್ಲಿ ತೀರ್ಪಿತ್ತಿತು. ಬಿದ್ದುಹೋದದ್ದು ವಿನಾಯಿತಿ ಮಾತ್ರ. ದಂಡ ಹಾಕುವ ಕಲಮು ಹಾಗೆಯೇ ಉಳಿಯಿತು.