ನೀರು, ಸಾಂದ್ರತೆ ಮತ್ತು ಇಂಗ್ಲೆಂಡಿನ ಪೇಲ್ ಏಲ್

ಮುಳಬಾಗಿಲು ತಾಲ್ಲೂಕಿನ ತಾಯಲೂರಿನಂಥ ಊರುಗಳಲ್ಲಿ ಡೇರಿಗೆ ಹಾಲು ಹಾಕುವವರಿಗೆ ಲ್ಯಾಕ್ಟೋಮೀಟರ್ ಹೊಸದೇನಲ್ಲ. ಕೆಳಗೆ ಭಾರವಿರುವ ಗಾಜಿನ ಬುರುಡೆ, ಅದರ ಮೇಲೆ ಸಪೂರ ಕೊಳವೆ, ಕೊಳವೆಯೊಳಗೆ ಅಂಕಿಗಳ ಪಟ್ಟಿ. ಹಾಲಿನಲ್ಲಿ ತೇಲಿಬಿಟ್ಟಾಗ ಅದು 28ರ ಗುರುತಿನಲ್ಲಿ ನಿಂತರೆ ಹಾಲಿನ ಸಾಪೇಕ್ಷ ಸಾಂದ್ರತೆ 1.028 ಎಂದು ಅರ್ಥ. ನೀರು ಬೆರೆಸಿದ್ದರೆ ಉಪಕರಣ ಇನ್ನಷ್ಟು ಮುಳುಗುತ್ತದೆ. ಆರ್ಕಿಮಿಡೀಸ್ ತತ್ತ್ವದ ನೇರ ಅನ್ವಯವಿದು.

ಇದೇ ತತ್ತ್ವದ ಉಪಕರಣವೊಂದು 18ನೇ ಶತಮಾನದ ಕೊನೆಯ ಭಾಗದಲ್ಲಿ ಇಂಗ್ಲೆಂಡಿನ ಬಿಯರ್ ತಯಾರಕರ ಕೈಸೇರಿತು. ಜಾನ್ ರಿಚರ್ಡ್‌ಸನ್ 1784ರಲ್ಲಿ ಇದರ ಬಳಕೆಯನ್ನು ವಿವರಿಸಿ, ಇದಕ್ಕೆ ಸ್ಯಾಕರೋಮೀಟರ್, ಅಂದರೆ ಸಕ್ಕರೆಮಾಪಕ ಎಂಬ ಹೆಸರನ್ನು ಬಳಕೆಗೆ ತಂದರು. ಅಂದಿನ ಪಾನೀಯಗಳ ರುಚಿಯನ್ನು ಇಂದು ಯಾರೂ ನೋಡಲಾರರು. ಆದರೂ ಒಂದು ಊರಿನ ಬ್ರೂವರಿಯ ಏಲನ್ನು ಇನ್ನೊಂದು ಊರಿನದರೊಡನೆ ನಾವು ಹೋಲಿಸಬಲ್ಲೆವು. ಲೆಕ್ಕದ ಪುಸ್ತಕಗಳಲ್ಲಿ ಉಳಿದಿರುವ ಸಾಂದ್ರತೆಯ ಅಂಕಿಗಳೇ ಇದಕ್ಕೆ ಕಾರಣ. ಮದ್ಯದ ಕೇಡುಗಳು ಎಲ್ಲರಿಗೂ ತಿಳಿದಿರುವಂಥವೇ. ಇಲ್ಲಿ ನಮ್ಮ ಆಸಕ್ತಿ ಇರುವುದು ಅಳತೆಯಲ್ಲಿ.

ಪೇಲ್ ಏಲ್ ಎಂದರೇನು?

ಬಾರ್ಲಿಯನ್ನು ನೆನೆಸಿ, ಮೊಳಕೆ ಬರಿಸಿ, ಒಣಗಿಸಿದರೆ ಮಾಲ್ಟ್ ಸಿಗುತ್ತದೆ. ನಮ್ಮ ರಾಗಿ ಮಾಲ್ಟಿನ ಮೊದಲ ಹೆಜ್ಜೆಗಳೂ ಇವೇ. ಮೊಳೆಯುವ ಕಾಳಿನಲ್ಲಿ ಉಂಟಾಗುವ ಕಿಣ್ವಗಳು ಬಿಸಿನೀರಿನಲ್ಲಿ ಪಿಷ್ಟವನ್ನು ಸಕ್ಕರೆಯಾಗಿಸುತ್ತವೆ. ಹೀಗೆ ದೊರೆತ ಸಿಹಿ ದ್ರವಕ್ಕೆ ವರ್ಟ್ ಎಂದು ಹೆಸರು. ಅದಕ್ಕೆ ಹಾಪ್ ಬಳ್ಳಿಯ ಹೂಗಳನ್ನು ಹಾಕಿ ಕುದಿಸಿ, ಆರಿಸಿ, ಯೀಸ್ಟ್ ಬೆರೆಸುತ್ತಾರೆ. ಯೀಸ್ಟ್ ಸಕ್ಕರೆಯನ್ನು ಆಲ್ಕೊಹಾಲ್ ಮತ್ತು ಕಾರ್ಬನ್ ಡೈಆಕ್ಸೈಡ್ ಆಗಿ ಒಡೆಯುತ್ತದೆ. ಹಾಪ್ ಹೂವಿನ ಕಹಿ ಅಂಶ ದ್ರವವನ್ನು ಹುಳಿಯಾಗಿಸುವ ಬ್ಯಾಕ್ಟೀರಿಯಾಗಳನ್ನು ತಡೆಯುತ್ತದೆ.

ಸೌದೆಯ ಉರಿಯಲ್ಲಿ ಒಣಗಿಸಿದ ಮಾಲ್ಟ್ ಸಾಮಾನ್ಯವಾಗಿ ಕಂದಾಗುತ್ತಿತ್ತು, ಹೊಗೆಯ ವಾಸನೆಯನ್ನೂ ಹಿಡಿಯುತ್ತಿತ್ತು. 17ನೇ ಶತಮಾನದಲ್ಲಿ ಕೋಕ್ ಇಂಧನ ಬಳಕೆಗೆ ಬಂದ ಮೇಲೆ ತಿಳಿಬಣ್ಣದ ಮಾಲ್ಟ್ ತಯಾರಿಸುವುದು ಸುಲಭವಾಯಿತು. ಈ ಮಾಲ್ಟಿನಿಂದ ಮಾಡಿದ್ದೇ ಪೇಲ್ ಏಲ್, ಅಂದರೆ ತಿಳಿಬಣ್ಣದ ಏಲ್.

ಬೋ ಮತ್ತು ಬರ್ಟನ್

ಲಂಡನ್ನಿನ ಪೂರ್ವಕ್ಕಿರುವ ಬೋ ಎಂಬಲ್ಲಿ ಹಾಡ್ಜ್‌ಸನ್ ಮನೆತನದ ಬ್ರೂವರಿ ಇತ್ತು. ಈಸ್ಟ್ ಇಂಡಿಯಾ ಕಂಪನಿಯ ಹಡಗುಗಳು ನಿಲ್ಲುತ್ತಿದ್ದ ಬ್ಲ್ಯಾಕ್‌ವಾಲ್ ಇದಕ್ಕೆ ಹತ್ತಿರ. ಹಡಗಿನ ಕಪ್ತಾನರಿಗೆ ದೀರ್ಘ ಅವಧಿಯ ಸಾಲದ ಮೇಲೆ ಸರಕು ಕೊಟ್ಟು ಹಾಡ್ಜ್‌ಸನ್ನರು ಭಾರತದ ಮಾರುಕಟ್ಟೆಯನ್ನು ಹಿಡಿದರು. ಪೇಲ್ ಏಲನ್ನು ಕಂಡುಹಿಡಿದವರು ಅವರೇ ಎಂಬ ಕಥೆ ಪ್ರಚಲಿತವಾಗಿದೆ. ಅದು ಸರಿಯಲ್ಲ, ತಿಳಿಬಣ್ಣದ ಏಲ್ ಅವರಿಗಿಂತ ಮೊದಲೇ ಇತ್ತು.

ಇಂಗ್ಲೆಂಡಿನ ನಡುನಾಡಿನಲ್ಲಿ, ಟ್ರೆಂಟ್ ನದಿಯ ದಡದಲ್ಲಿರುವ ಬರ್ಟನ್ ಊರಿನ ಬ್ರೂವರಿಗಳು ಬಾಲ್ಟಿಕ್ ದೇಶಗಳಿಗೆ ಏಲ್ ಕಳಿಸುತ್ತಿದ್ದವು. 1822ರಲ್ಲಿ ರಷ್ಯಾ ಸುಂಕ ಏರಿಸಿದಾಗ ಆ ವ್ಯಾಪಾರ ಕುಸಿಯಿತು. ಅದೇ ಸುಮಾರಿಗೆ ಬರ್ಟನ್ನಿನ ಆಲ್ಸಪ್ ಮತ್ತು ಬ್ಯಾಸ್ ಸಂಸ್ಥೆಗಳು ಭಾರತದ ಮಾರುಕಟ್ಟೆಗೆ ಇಳಿದವು. ಮುಂದಿನ ಕೆಲವೇ ದಶಕಗಳಲ್ಲಿ ಬರ್ಟನ್ನಿನ ಏಲ್ ಲಂಡನ್ನಿನದನ್ನು ಹಿಂದಿಕ್ಕಿತು.

ಎರಡೂ ಕಡೆ ಬಳಸುತ್ತಿದ್ದುದು ಬಾರ್ಲಿ, ಹಾಪ್, ಯೀಸ್ಟ್, ನೀರು. ಹಾಗಾದರೆ ವ್ಯತ್ಯಾಸ ಎಲ್ಲಿಂದ ಬಂತು?

ಎರಡು ಅಂಕಿಗಳು

ಮೊದಲು ಸಾಂದ್ರತೆಯನ್ನು ನೋಡೋಣ. ಯೀಸ್ಟ್ ಹಾಕುವ ಮುನ್ನ ವರ್ಟ್‌ನಲ್ಲಿ ಸಕ್ಕರೆ ಕರಗಿರುವುದರಿಂದ ಅದು ನೀರಿಗಿಂತ ಸಾಂದ್ರ. ಇದು ಆರಂಭ ಸಾಂದ್ರತೆ. ಹುದುಗಿದಂತೆ ಸಕ್ಕರೆ ಕರಗಿಹೋಗಿ ನೀರಿಗಿಂತ ಹಗುರವಾದ ಆಲ್ಕೊಹಾಲ್ ಉಂಟಾಗುತ್ತದೆ, ಸಾಂದ್ರತೆ ಇಳಿಯುತ್ತದೆ. ಇದು ಅಂತಿಮ ಸಾಂದ್ರತೆ. ಇವೆರಡರ ವ್ಯತ್ಯಾಸವನ್ನು 131ರಿಂದ ಗುಣಿಸಿದರೆ ಗಾತ್ರದಲ್ಲಿ ಆಲ್ಕೊಹಾಲಿನ ಶೇಕಡಾ ಪ್ರಮಾಣ ಸರಿಸುಮಾರಾಗಿ ಸಿಗುತ್ತದೆ.

ಒಂದು ಉದಾಹರಣೆ. ಆರಂಭ ಸಾಂದ್ರತೆ 1.060, ಅಂತಿಮ ಸಾಂದ್ರತೆ 1.012 ಆಗಿದ್ದರೆ ವ್ಯತ್ಯಾಸ 0.048. ಆಲ್ಕೊಹಾಲ್ ಸುಮಾರು ಶೇ. 6.3. ಮೊದಲಿದ್ದ 60 ಅಂಶಗಳಲ್ಲಿ 48 ಇಳಿದಿರುವುದರಿಂದ ಹುದುಗಿದ ಪ್ರಮಾಣ ಶೇ. 80.

ಭಾರತಕ್ಕೆ ಬಂದ ಪೇಲ್ ಏಲ್ ಬಹಳ ಗಡುಸಾಗಿತ್ತು, ಆದ್ದರಿಂದಲೇ ತಿಂಗಳುಗಟ್ಟಲೆ ಸಮುದ್ರಯಾನದಲ್ಲಿ ಕೆಡಲಿಲ್ಲ ಎಂದು ಹೇಳುವುದುಂಟು. ಅಂಕಿಗಳು ಈ ಮಾತನ್ನು ಒಪ್ಪುವುದಿಲ್ಲ. 19ನೇ ಶತಮಾನದ ಪೇಲ್ ಏಲ್‌ಗಳ ಆರಂಭ ಸಾಂದ್ರತೆ ಹೆಚ್ಚಾಗಿ 1.055ರಿಂದ 1.070ರ ಒಳಗಿತ್ತು. ಆ ಕಾಲದ ಮಟ್ಟಿಗೆ ಇದು ಮಧ್ಯಮ ಪ್ರಮಾಣ. ಅವು ಕೆಡದೆ ಉಳಿದದ್ದಕ್ಕೆ ಎರಡು ಕಾರಣಗಳಿವೆ: ಧಾರಾಳವಾಗಿ ಹಾಕಿದ ಹಾಪ್, ಮತ್ತು ಸೂಕ್ಷ್ಮಜೀವಿಗಳಿಗೆ ಹೆಚ್ಚು ಸಕ್ಕರೆ ಉಳಿಯದಷ್ಟು ಪೂರ್ಣವಾದ ಹುದುಗುವಿಕೆ. ಲಂಡನ್, ಬರ್ಟನ್ ಎರಡೂ ಕಡೆಯ ಏಲ್‌ಗಳು ಈ ವ್ಯಾಪ್ತಿಯಲ್ಲೇ ಇದ್ದವು. ಆದ್ದರಿಂದ ಮುಖ್ಯ ವ್ಯತ್ಯಾಸವನ್ನು ಬೇರೆಡೆ ಹುಡುಕಬೇಕು.

ನೀರಿನ ಪಾತ್ರ

ತಾತ್ಕಾಲಿಕ ಗಡಸುತನ, ಶಾಶ್ವತ ಗಡಸುತನ ಎಂದು ನೀವು ತರಗತಿಯಲ್ಲಿ ಪಾಠ ಮಾಡಿದ್ದೀರಿ ಅಥವಾ ಕೇಳಿದ್ದೀರಿ. ಲಂಡನ್ ಮತ್ತು ಬರ್ಟನ್ ಇವೆರಡಕ್ಕೆ ಒಳ್ಳೆಯ ಉದಾಹರಣೆಗಳು. ಲಂಡನ್ನಿನ ನೀರಿನ ಗಡಸುತನ ಬಹುಪಾಲು ಬೈಕಾರ್ಬೊನೇಟ್‌ನಿಂದ ಬಂದದ್ದು. ಕುದಿಸಿದರೆ ಸುಣ್ಣವಾಗಿ ತಳಕ್ಕೆ ಇಳಿಯುತ್ತದೆ. ಬರ್ಟನ್ನಿನ ಬಾವಿಗಳ ನೀರು ಜಿಪ್ಸಮ್ ಪದರಗಳ ಮೂಲಕ ಹಾದುಬರುತ್ತದೆ. ಲೀಟರಿಗೆ ಸುಮಾರು 600ರಿಂದ 800 ಮಿಲಿಗ್ರಾಂ ಸಲ್ಫೇಟ್, 250ರಿಂದ 350 ಮಿಲಿಗ್ರಾಂ ಕ್ಯಾಲ್ಸಿಯಂ ಅದರಲ್ಲಿರುವುದುಂಟು. ಇದು ಕುದಿಸಿದರೆ ಹೋಗದ ಗಡಸುತನ.

ಮಾಲ್ಟನ್ನು ಬಿಸಿನೀರಿನಲ್ಲಿ ಕಲಸಿದಾಗ ಕ್ಯಾಲ್ಸಿಯಂ ಅಯಾನುಗಳು ಮಾಲ್ಟಿನ ಫಾಸ್ಫೇಟ್ ಜೊತೆ ವರ್ತಿಸಿ ಹೈಡ್ರೋಜನ್ ಅಯಾನುಗಳನ್ನು ಬಿಡುಗಡೆ ಮಾಡುತ್ತವೆ. ಪಿಎಚ್ ಇಳಿಯುತ್ತದೆ. ಪಿಎಚ್ 5.2ರಿಂದ 5.5ರ ಆಸುಪಾಸಿನಲ್ಲಿದ್ದರೆ ಕಿಣ್ವಗಳು ಚೆನ್ನಾಗಿ ಕೆಲಸ ಮಾಡುತ್ತವೆ, ವರ್ಟ್ ತಿಳಿಯಾಗುತ್ತದೆ. ಬೈಕಾರ್ಬೊನೇಟ್ ಇದಕ್ಕೆ ತದ್ವಿರುದ್ಧ. ಅದು ಹೈಡ್ರೋಜನ್ ಅಯಾನುಗಳನ್ನು ಹೀರಿಕೊಂಡು ಪಿಎಚ್ ಏರಿಸುತ್ತದೆ. ಆಗ ಕಾಳಿನ ಸಿಪ್ಪೆಯ ಟ್ಯಾನಿನ್ ಹೆಚ್ಚು ಬಿಟ್ಟುಕೊಳ್ಳುತ್ತದೆ, ಬಣ್ಣ ಗಾಢವಾಗುತ್ತದೆ, ಹಾಪ್‌ನ ಕಹಿ ಒರಟಾಗುತ್ತದೆ. ಹುರಿದ ಕಂದು ಮಾಲ್ಟ್ ಸ್ವಲ್ಪ ಆಮ್ಲೀಯವಾದ್ದರಿಂದ ಬೈಕಾರ್ಬೊನೇಟ್‌ನ ಪರಿಣಾಮವನ್ನು ಸರಿದೂಗಿಸುತ್ತದೆ. ಪೋರ್ಟರ್ ಎಂಬ ಕಪ್ಪು ಬಿಯರಿಗೆ ಲಂಡನ್ನಿನ ನೀರು ಒಗ್ಗಿದ್ದು ಹೀಗೆ.

ವ್ಯಾಪಾರಿಗಳು ಇದನ್ನು ಅನುಭವದಿಂದಲೇ ಅರಿತಿದ್ದರು. ರಾಮ್‌ಫರ್ಡ್‌ನ ಇಂಡ್ ಕೂಪ್ 1856ರಲ್ಲೂ ಲಂಡನ್ನಿನ ಟ್ರೂಮನ್ 1873ರಲ್ಲೂ ಬರ್ಟನ್ನಿನಲ್ಲಿ ಬ್ರೂವರಿ ಹೊಂದಿದರು. ಉತ್ತರದ ಯಾರ್ಕ್‌ಷೈರಿನ ಟ್ಯಾಡ್‌ಕಾಸ್ಟರ್ ಊರೂ ತನ್ನ ಗಡಸು ನೀರಿನ ಬಲದಿಂದ ಪೇಲ್ ಏಲಿಗೆ ಹೆಸರಾಯಿತು. ನೀರಿಗೆ ಜಿಪ್ಸಮ್ ಬೆರೆಸಿ ಬರ್ಟನ್ನಿನ ಗುಣ ತರುವ ವಿಧಾನವನ್ನು 1878ರಲ್ಲಿ ಸಿ. ಡಬ್ಲ್ಯು. ವಿನ್ಸೆಂಟ್ ವಿವರಿಸಿದ ಮೇಲೆ ಊರು ಬದಲಿಸುವ ಅಗತ್ಯ ಕಡಿಮೆಯಾಯಿತು.

ಬರ್ಟನ್ನಿನ ಕಹಿಯ ಬಗ್ಗೆ ಸಂಶಯವೂ ಹುಟ್ಟಿತ್ತು. ಅದಕ್ಕೆ ಸ್ಟ್ರಿಕ್ನಿನ್ ವಿಷ ಬೆರೆಸುತ್ತಾರೆ ಎಂಬ ಸುದ್ದಿ 1852ರಲ್ಲಿ ಹಬ್ಬಿದಾಗ ರಸಾಯನ ವಿಜ್ಞಾನಿಗಳಾದ ಥಾಮಸ್ ಗ್ರಹಾಂ ಮತ್ತು ಹಾಫ್‌ಮನ್ ಪರೀಕ್ಷೆ ನಡೆಸಿ, ಸ್ಟ್ರಿಕ್ನಿನ್ ಇಲ್ಲವೆಂದು ತೋರಿಸಿದರು.

ಹೋಲಿಸುವಾಗ ಎಚ್ಚರ

ಹಳೆಯ ಅಂಕಿಗಳನ್ನು ಹಾಗೆಯೇ ಪಕ್ಕಪಕ್ಕದಲ್ಲಿ ಇಡುವಂತಿಲ್ಲ. ಮೂರು ಅಂಶಗಳನ್ನು ಗಮನಿಸಬೇಕು.

ಮೊದಲನೆಯದು ಮಾನ. 1803ರವರೆಗೆ ಲಂಡನ್ನಿನ ಬಿಯರ್ ಪೀಪಾಯಿ 36 ಗ್ಯಾಲನ್, ಹೊರ ಊರುಗಳದು 34 ಗ್ಯಾಲನ್. ಪೀಪಾಯಿಗೆ ಇಷ್ಟು ಪೌಂಡ್ ಹಾಪ್ ಎಂದಿದ್ದರೆ ಯಾವ ಪೀಪಾಯಿ ಎಂದು ಕೇಳಲೇಬೇಕು. ಸಾಂದ್ರತೆಯನ್ನೂ ಅನೇಕರು ‘ಪೀಪಾಯಿಗೆ ಪೌಂಡ್’ ಎಂದೇ ಬರೆಯುತ್ತಿದ್ದರು. 36 ಇಂಪೀರಿಯಲ್ ಗ್ಯಾಲನ್ ನೀರಿನ ತೂಕ 360 ಪೌಂಡ್. ಅಷ್ಟೇ ಗಾತ್ರದ ವರ್ಟ್ 381.6 ಪೌಂಡ್ ತೂಗಿದರೆ ಪುಸ್ತಕದಲ್ಲಿ 21.6 ಎಂದಿರುತ್ತದೆ. 21.6ನ್ನು 360ರಿಂದ ಭಾಗಿಸಿದರೆ 0.060, ಅಂದರೆ ಸಾಪೇಕ್ಷ ಸಾಂದ್ರತೆ 1.060.

ಎರಡನೆಯದು ತಾಪ. ನೀರಿನ ಸಾಂದ್ರತೆ 15.5 ಡಿಗ್ರಿ ಸೆಲ್ಸಿಯಸ್‌ನಲ್ಲಿ 0.9990, 30 ಡಿಗ್ರಿಯಲ್ಲಿ 0.9957. ತಣ್ಣನೆಯ ದೇಶಕ್ಕೆ ಗುರುತು ಮಾಡಿದ ಮಾಪಕವನ್ನು ಕೋಲಾರದ ಬೇಸಿಗೆಯಲ್ಲಿ ಬಳಸಿದರೆ ಮೂರಕ್ಕೂ ಹೆಚ್ಚು ಅಂಶ ಕಡಿಮೆ ತೋರುತ್ತದೆ. ಲ್ಯಾಕ್ಟೋಮೀಟರಿಗೂ ಈ ಮಾತು ಅನ್ವಯಿಸುತ್ತದೆ. ಆಗತಾನೆ ಕರೆದ ಬೆಚ್ಚನೆಯ ಹಾಲನ್ನು ತಾಪದ ತಿದ್ದುಪಡಿಯಿಲ್ಲದೆ ಅಳೆದರೆ ನೀರು ಬೆರೆಸದ ರೈತನೂ ಸಂಶಯಕ್ಕೆ ಗುರಿಯಾಗುತ್ತಾನೆ. ಉಷ್ಣದ ಯಾಂತ್ರಿಕ ಸಮಾನಾಂಕವನ್ನು ಅಳೆದ ಜೇಮ್ಸ್ ಜೌಲ್ ಸಾಲ್ಫರ್ಡ್‌ನ ಬ್ರೂವರಿ ಮನೆತನದವರು ಎಂಬುದನ್ನು ಇಲ್ಲಿ ನೆನೆಯಬಹುದು.

ಮೂರನೆಯದು ವರ್ಷ. 1880ರಲ್ಲಿ ಬ್ರಿಟನ್ ಮಾಲ್ಟಿನ ಮೇಲಿನ ತೆರಿಗೆ ತೆಗೆದು, 1.057 ಆರಂಭ ಸಾಂದ್ರತೆಯ 36 ಗ್ಯಾಲನ್ನಿಗೆ ಇಷ್ಟು ಎಂದು ತೆರಿಗೆ ವಿಧಿಸಿತು. ಅಂದಿನಿಂದ ತೆರಿಗೆಯ ಹಣ ನಿಂತದ್ದು ತೇಲುವ ಮಾಪಕದ ಮೇಲೆ. ಮೊದಲ ಮಹಾಯುದ್ಧದಲ್ಲಿ ಧಾನ್ಯದ ಅಭಾವದಿಂದ ಬ್ರಿಟನ್ನಿನ ಬಿಯರಿನ ಸರಾಸರಿ ಆರಂಭ ಸಾಂದ್ರತೆ ಸುಮಾರು 1.052ರಿಂದ 1.030ರ ಹತ್ತಿರಕ್ಕೆ ಇಳಿಯಿತು. 1870ರ ಬರ್ಟನ್ನಿನ ಏಲನ್ನು 1920ರ ಲಂಡನ್ನಿನದರೊಡನೆ ಹೋಲಿಸಿದರೆ ಊರಿನ ವ್ಯತ್ಯಾಸ ತಿಳಿಯದು, ಕಾಲದ ವ್ಯತ್ಯಾಸವಷ್ಟೇ ತಿಳಿಯುತ್ತದೆ. ಇತ್ತ ನಮ್ಮಲ್ಲಿ 1915ರಲ್ಲಿ ಥಾಮಸ್ ಲೀಶ್‌ಮನ್ ದಕ್ಷಿಣ ಭಾರತದ ಬ್ರೂವರಿಗಳನ್ನು ಒಂದುಗೂಡಿಸಿ ಬೆಂಗಳೂರಿನ ಯುನೈಟೆಡ್ ಬ್ರೂವರೀಸ್ ಕಟ್ಟಿದರು.

ತರಗತಿಯಲ್ಲಿ ಮಾಡಿ ನೋಡಿ

ಸುಮಾರು 20 ಸೆಂಟಿಮೀಟರ್ ಉದ್ದದ ಪಾನೀಯದ ನಳಿಕೆಯ ಒಂದು ತುದಿಯನ್ನು ಮೇಣದಿಂದ ಮುಚ್ಚಿ. ನೀರಿನಲ್ಲಿ 100 ಮಿಲಿಮೀಟರ್ ಮುಳುಗಿ ನೆಟ್ಟಗೆ ನಿಲ್ಲುವಷ್ಟು ಮರಳು ತುಂಬಿ. ಈಗ 150 ಗ್ರಾಂ ಸಕ್ಕರೆ ಕರಗಿಸಿ, ನೀರು ಸೇರಿಸಿ ಒಟ್ಟು 1 ಲೀಟರ್ ಮಾಡಿ. ಇದರ ಸಾಪೇಕ್ಷ ಸಾಂದ್ರತೆ 1.060ಕ್ಕೆ ಹತ್ತಿರ. ಅದರಲ್ಲಿ ನಿಮ್ಮ ಮಾಪಕ ಸುಮಾರು 94 ಮಿಲಿಮೀಟರ್ ಮುಳುಗಬೇಕು. ದ್ರಾವಣವನ್ನು ಬೆಚ್ಚಗೆ ಮಾಡಿ ಮತ್ತೆ ಅಳೆಯಿರಿ.

ಕೊಳವೆ ಬಾವಿಯ ನೀರನ್ನೂ ಪರೀಕ್ಷಿಸಿ. ಸಾಬೂನು ದ್ರಾವಣವನ್ನು ಹನಿಹನಿಯಾಗಿ ಹಾಕಿ ಕುಲುಕಿ, ನೊರೆ ನಿಲ್ಲಲು ಎಷ್ಟು ಹನಿ ಬೇಕೆಂದು ಎಣಿಸಿ. ಅದೇ ನೀರನ್ನು ಕುದಿಸಿ, ಆರಿಸಿ, ಸೋಸಿ ಮತ್ತೆ ಎಣಿಸಿ. ಹನಿಗಳ ಸಂಖ್ಯೆ ಬಹಳ ಇಳಿದರೆ ನಿಮ್ಮ ನೀರು ಲಂಡನ್ನಿನ ಬಗೆಯದು. ಹೆಚ್ಚು ಇಳಿಯದಿದ್ದರೆ ಬರ್ಟನ್ನಿನ ಬಗೆಯದು. ಹೋಬಳಿಯ ನಾಲ್ಕಾರು ಹಳ್ಳಿಗಳ ನೀರನ್ನು ಹೀಗೆ ಹೋಲಿಸಿ, ಪಟ್ಟಿಯಲ್ಲಿ ಊರು, ದಿನಾಂಕ, ತಾಪ ಮೂರನ್ನೂ ತಪ್ಪದೆ ಬರೆದಿಡಿ.