ನೊರೆ ನೀರಿನಲ್ಲಿ ಮೀನಿಗೆ ಏನಾಗುತ್ತದೆ?



ಬಟ್ಟೆ ತೊಳೆದ ನೀರು ಹೊಳೆಗೆ ಹೋದರೆ ಮೀನು ಸಾಯುತ್ತದೆಯೇ? ನಮ್ಮ ಮನೆಯಲ್ಲೇ ಇದಕ್ಕೆ ಎರಡು ಉತ್ತರ ಇದೆ. "ಶರಾವತಿ ಎಷ್ಟು ದೊಡ್ಡ ಹೊಳೆ! ಒಂದು ಮುಷ್ಟಿ ಪುಡಿಯಿಂದ ಏನಾಗ್ತದೆ?" ಎಂದು ಅವ್ವಿ ಹೇಳುತ್ತಾಳೆ. "ಮೀನು ನೊರೆ ತಿಂದು ಸಾಯ್ತದೆ" ಎಂದು ಅಜ್ಜ ಹೇಳುತ್ತಾನೆ. ಅಜ್ಜ ಗಾಳ, ಬಲೆ ಎರಡೂ ಹಾಕಿದವನು. ಆದರೂ ನನಗೆ ತಿಳಿದ ಮಟ್ಟಿಗೆ ಇಬ್ಬರದ್ದೂ ಅರ್ಧರ್ಧವೇ ಸರಿ.

ಮೀನು ನೊರೆಯನ್ನು ತಿನ್ನುವುದಿಲ್ಲ. ಪೆಟ್ಟು ಬೀಳುವುದು ಅದರ ಕಿವಿಗೆ. ಮೀನು ಕೊಳ್ಳುವಾಗ ಕಿವಿ ಎತ್ತಿ ನೋಡುತ್ತಾರಲ್ಲ, ಕೆಂಪಗಿದ್ದರೆ ತಾಜಾ ಎನ್ನುತ್ತಾರಲ್ಲ, ಅದೇ. ಪುಸ್ತಕದಲ್ಲಿ ಅದಕ್ಕೆ ಕಿವಿರು ಎಂದು ಹೆಸರು. ಅಲ್ಲಿ ಚರ್ಮ ಬಹಳ ತೆಳು. ಒಳಗೆ ರಕ್ತ, ಹೊರಗೆ ನೀರು, ನಡುವೆ ಆ ತೆಳು ಪರದೆ. ಅದರ ಮೇಲೆ ಸ್ವಲ್ಪ ಲೋಳೆ. ನೀರಿನಲ್ಲಿ ಕರಗಿದ ಆಮ್ಲಜನಕ ಅದನ್ನು ದಾಟಿಯೇ ಒಳಗೆ ಹೋಗಬೇಕು.

ಈಗ ಸಾಬೂನಿನ ಪುಡಿ ಏನು ಮಾಡುತ್ತದೆ ನೋಡಿ. ಅದರ ಒಂದೊಂದು ಕಣಕ್ಕೂ ತಲೆ ಬಾಲ ಇದೆ. ತಲೆಗೆ ನೀರು ಬೇಕು, ಬಾಲಕ್ಕೆ ಎಣ್ಣೆ ಜಿಡ್ಡು ಬೇಕು. ಬಾಲ ಜಿಡ್ಡನ್ನು ಹಿಡಿಯುತ್ತದೆ, ತಲೆ ಅದನ್ನು ನೀರಿಗೆ ಎಳೆಯುತ್ತದೆ. ಅದಕ್ಕೇ ಅಂಗಿಯ ಕೊಳೆ ಹೋಗುವುದು. ಕಿವಿರಿನ ಜೀವಕೋಶಗಳ ಹೊದಿಕೆಯೂ ಜಿಡ್ಡಿನದೇ. ಪುಡಿಗೆ ಇದು ಅಂಗಿ, ಇದು ಕಿವಿರು ಎಂದು ಗೊತ್ತಾಗುವುದಿಲ್ಲ! ತೆಳು ಚರ್ಮ ಉಬ್ಬಿ ಏಳುತ್ತದೆ, ಲೋಳೆ ಕೆಡುತ್ತದೆ. ಆಗ ಮೀನು ನೀರಿನ ಮೇಲೆ ಬಂದು ಬಾಯಿ ಬಾಯಿ ಬಿಡುತ್ತದೆ.

ಇಷ್ಟು ಹೊಳೆ ಮೀನಿಗೂ ಸಮುದ್ರದ ಮೀನಿಗೂ ಒಂದೇ. ಮುಂದಿನದು ಬೇರೆ, ನನಗೆ ಬಹಳ ಆಶ್ಚರ್ಯ ಆದದ್ದೂ ಇಲ್ಲೇ. ಉಪ್ಪಿನಕಾಯಿಗೆ ಮಾವಿನಮಿಡಿಯನ್ನು ಉಪ್ಪಿನಲ್ಲಿ ಹಾಕಿದರೆ ಮಿಡಿ ನೀರು ಬಿಟ್ಟು ಸುಕ್ಕುಗಟ್ಟುತ್ತದೆ. ಒಣದ್ರಾಕ್ಷಿಯನ್ನು ಸಿಹಿನೀರಿನಲ್ಲಿ ಹಾಕಿದರೆ ಉಬ್ಬುತ್ತದೆ. ಸಮುದ್ರದ ಬಾಂಗಡೆ ಉಪ್ಪಿನಲ್ಲಿರುವ ಮಿಡಿಯ ಹಾಗೆ. ಸಮುದ್ರದ ಒಂದು ಲೀಟರ್ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪಿದೆ, ಮೀನಿನ ರಕ್ತದಲ್ಲಿ ಅದಕ್ಕಿಂತ ಬಹಳ ಕಡಿಮೆ. ಹಾಗಾಗಿ ಅದರ ಮೈಯ ನೀರು ಸದಾ ಹೊರಗೆ ಹೋಗುತ್ತಿರುತ್ತದೆ. ಅದು ಉಪ್ಪುನೀರನ್ನೇ ಕುಡಿದು, ಹೆಚ್ಚಿನ ಉಪ್ಪನ್ನು ಕಿವಿರಿನಿಂದ ಹೊರಗೆ ಹಾಕಿ ಬದುಕುತ್ತದೆ. ನಮ್ಮ ಹಳ್ಳದ ಮೀನು ದ್ರಾಕ್ಷಿಯ ಹಾಗೆ. ನೀರು ತಾನಾಗಿ ಒಳಗೆ ನುಗ್ಗುತ್ತದೆ. ಅದು ನೀರು ಕುಡಿಯುವುದೇ ಇಲ್ಲ ಎನ್ನಬಹುದು, ಬರೀ ಉಚ್ಚೆ ಹೊಯ್ಯುವುದೇ ಕೆಲಸ. (ನಗಬೇಡಿ, ಇದು ವಿಜ್ಞಾನ.) ಕಿವಿರಿನ ಪರದೆ ಹಾಳಾದರೆ ಹಳ್ಳದ ಮೀನಿನ ಮೈಗೆ ನೀರು ತುಂಬಿ ಉಪ್ಪು ಸೋರಿ ಹೋಗುತ್ತದೆ. ಸಮುದ್ರದ ಮೀನಿನ ಮೈಯ ನೀರು ಹೋಗಿ ಉಪ್ಪು ಏರುತ್ತದೆ. ನೀರಿನೊಳಗೇ ಇದ್ದು ಮೈ ಒಣಗುವುದು!

ನಮ್ಮ ಹೊಳೆಯಲ್ಲಿ ಎರಡೂ ಜಾತಿಯ ನೀರಿದೆ. ಗೇರುಸೊಪ್ಪೆಯಲ್ಲಿ ಅಣೆಕಟ್ಟಿನಿಂದ ಬಿಟ್ಟ ಸಿಹಿನೀರು, ಹೊನ್ನಾವರದ ಅಳಿವೆಯಲ್ಲಿ ಭರತ ಬಂದಾಗ ಉಪ್ಪುನೀರು. ಬರಿ ಬಟ್ಟೆ ಸೋಪಾದರೆ ಉಪ್ಪುನೀರಿನಲ್ಲಿ ನೊರೆಯೇ ಬರುವುದಿಲ್ಲ, ಬಿಳಿ ಗಸಿಯಾಗಿ ಕೂತುಬಿಡುತ್ತದೆ. ಪುಡಿ ಹಾಗಲ್ಲ, ಅಲ್ಲಿಯೂ ಕೆಲಸ ಮಾಡುತ್ತದೆ.

ಇನ್ನು ಅವ್ವಿಯ ಪ್ರಶ್ನೆ. ಒಂದು ಮುಷ್ಟಿ ಎಂದರೆ 50 ಗ್ರಾಂ ಎಂದಿಟ್ಟುಕೊಳ್ಳಿ. ಅದರಲ್ಲಿ ಕೊಳೆ ತೆಗೆಯುವ ರಾಸಾಯನಿಕ ನೂರಕ್ಕೆ 10 ಎಂದರೂ 5 ಗ್ರಾಂ, ಅಂದರೆ 5000 ಮಿಲಿಗ್ರಾಂ. ಒಂದು ಲೀಟರ್ ನೀರಿನಲ್ಲಿ ಕೆಲವೇ ಮಿಲಿಗ್ರಾಂ ಇದ್ದರೂ ಎಷ್ಟೋ ಜಾತಿಯ ಮೀನು ಸಾಯುತ್ತವೆ. ಮೊಟ್ಟೆ, ಮರಿಗಳಿಗೆ ಇನ್ನೂ ಕಡಿಮೆ ಸಾಕು. ಲೀಟರಿಗೆ 1 ಮಿಲಿಗ್ರಾಂ ಆಗುವಷ್ಟು ತೆಳು ಮಾಡಬೇಕಾದರೆ ಆ ಮುಷ್ಟಿಗೆ 5000 ಲೀಟರ್ ನೀರು ಬೇಕು. ಹರಿಯುವ ಶರಾವತಿಗೆ ಅದು ಲೆಕ್ಕವೇ ಅಲ್ಲ, ಅಲ್ಲಿ ಅವ್ವಿಯ ಮಾತು ಸರಿ. ಆದರೆ ಬೇಸಿಗೆಯಲ್ಲಿ ಹಳ್ಳ ಬತ್ತಿ ಗುಂಡಿ ಗುಂಡಿಯಾಗುತ್ತದೆ. ನಾಲ್ಕು ಮೀಟರ್ ಉದ್ದ, ಎರಡು ಮೀಟರ್ ಅಗಲ, ಅರ್ಧ ಮೀಟರ್ ಆಳದ ಗುಂಡಿ ಲೆಕ್ಕ ಮಾಡಿ, ಬರೀ 4000 ಲೀಟರ್. ಮರಿಮೀನುಗಳೆಲ್ಲ ಆಗ ಇರುವುದು ಅದೇ ಗುಂಡಿಯಲ್ಲಿ. ನಾವು ಕಂಬಳಿ ತೊಳೆಯುವುದೂ ಅದೇ ಗುಂಡಿಯಲ್ಲಿ.

ಸಾಯದಿದ್ದರೂ ತೊಂದರೆ ತಪ್ಪಿದ್ದಲ್ಲ. 1965ರಲ್ಲಿ ಅಮೇರಿಕದ ವಿಜ್ಞಾನಿಗಳು ಮೀಸೆ ಇರುವ ಒಂದು ಜಾತಿಯ ಸಿಹಿನೀರಿನ ಮೀನನ್ನು ಪರೀಕ್ಷಿಸಿದರು. ಲೀಟರಿಗೆ ಅರ್ಧ ಮಿಲಿಗ್ರಾಂ ಇದ್ದ ನೀರಿನಲ್ಲಿ ಕೆಲವು ವಾರ ಇಟ್ಟರೆ ಮೀಸೆಯ ರುಚಿ ತಿಳಿಯುವ ಗುಳ್ಳೆಗಳು ಹಾಳಾದವು. ಕೆಸರಿನಲ್ಲಿ ಮೀಸೆಯಿಂದಲೇ ತಿಂಡಿ ಹುಡುಕುವ ಮೀನಿಗೆ ಅದು ಹೋದರೆ ಏನು ಗತಿ?

"ಹಾಗಾದರೆ ಅಂಟವಾಳ ಕಾಯಿ ಒಳ್ಳೆಯದು, ಅದು ಮರದ್ದು" ಎಂದು ನಮ್ಮ ತರಗತಿಯಲ್ಲಿ ಕೆಲವರು ಹೇಳಿದರು. ಅಂಟವಾಳದ ನೊರೆಗೆ ಕಾರಣ ಸಪೋನಿನ್ ಎಂಬ ವಸ್ತು. ಅದೂ ಕಿವಿರನ್ನು ಕೆಡಿಸುತ್ತದೆ. ಶೆಟ್ಲಿ ಸಾಕುವ ಕೆರೆಗಳಲ್ಲಿ ಬೇಡದ ಮೀನುಗಳನ್ನು ಕೊಲ್ಲಲು ಚಹಾ ಬೀಜದ ಹಿಂಡಿ ಹಾಕುತ್ತಾರೆ, ಅದರಲ್ಲಿರುವುದೂ ಸಪೋನಿನ್ನೇ. ಮೀನು ಸಾಯುತ್ತದೆ, ಶೆಟ್ಲಿ ಉಳಿಯುತ್ತದೆ. ನೀರಿನಲ್ಲಿ ಉಪ್ಪು ಹೆಚ್ಚಿದ್ದಷ್ಟೂ ಅದು ಬೇಗ ಕೊಲ್ಲುತ್ತದೆಯಂತೆ. ಆದ್ದರಿಂದ ಮರದ್ದಾದರೂ ಗುಂಡಿಯಲ್ಲಿ ಹಿಂಡಬಾರದು.

ಬೆಂಗಳೂರಿನ ಬೆಳ್ಳಂದೂರು ಕೆರೆಯ ನೊರೆ ರಸ್ತೆಗೆ ಹಾರಿ ಬಂದದ್ದನ್ನು 2015ರ ನಂತರ ಪೇಪರಿನಲ್ಲಿ ಎಲ್ಲರೂ ನೋಡಿರಬಹುದು. ಅಲ್ಲಿ ಚರಂಡಿ ನೀರಿನ ಜೊತೆ ಪುಡಿಯ ರಂಜಕವೂ ಸೇರಿ ಕಳೆ ಬೆಳೆಯಿತು. ಕಳೆ ಕೊಳೆತರೆ ನೀರಿನ ಆಮ್ಲಜನಕ ಖಾಲಿ. ನಮ್ಮಲ್ಲಿ ಅಷ್ಟು ಆಗಿಲ್ಲ.

ಒಂದು ಒಳ್ಳೆಯ ಸುದ್ದಿ ಇದೆ. 1965ಕ್ಕಿಂತ ಮೊದಲಿನ ಪುಡಿಗಳು ನೀರಿನಲ್ಲಿ ಬೇಗ ಕೊಳೆಯುತ್ತಿರಲಿಲ್ಲ, ಅಮೇರಿಕ ಯುರೋಪಿನ ಹೊಳೆಗಳಲ್ಲಿ ನೊರೆಯ ಗುಡ್ಡೆಯೇ ಏಳುತ್ತಿತ್ತು. ಆಮೇಲೆ ಕಣದ ಬಾಲವನ್ನು ಕವಲಿಲ್ಲದೆ ನೇರ ಮಾಡಿದರು. ಈಗಿನದನ್ನು ಗಾಳಿಯಾಡುವ ಮಣ್ಣಿನ ಬ್ಯಾಕ್ಟೀರಿಯಾ ಕೆಲವು ದಿನ, ವಾರಗಳಲ್ಲಿ ತಿಂದು ಮುಗಿಸುತ್ತವೆ. ಗಾಳಿ ಇಲ್ಲದ ಗುಂಡಿಯ ಕೆಸರಿನಲ್ಲಿ ಅವುಗಳಿಂದ ಆಗುವುದಿಲ್ಲ. ಹಾಗಾಗಿ ಹಳ್ಳದಿಂದ ಹತ್ತಿಪ್ಪತ್ತು ಮಾರು ದೂರ, ದಿಬ್ಬದ ಮೇಲೆ ಕಲ್ಲು ಹಾಕಿ ತೊಳೆದು, ನೀರು ಮಣ್ಣಿಗೆ ಇಂಗಿದರೆ ಮರಿಮೀನು ಉಳಿಯುತ್ತವೆ. ಇದನ್ನು ಅವ್ವಿಗೆ ಹೇಳಿದೆ. "ಅಲ್ಲಿವರೆಗೆ ನೀರು ಹೊರುವವರು ಯಾರು?" ಎಂದು ಕೇಳಿದಳು. ಅಂಗಿ ಲಂಗಕ್ಕೆ ನಾಲ್ಕು ಕೊಡ ಸಾಕು, ಅಷ್ಟು ನಾನು ಹೊರುತ್ತೇನೆ. ಕಂಬಳಿಗೆ ಹತ್ತಾದರೂ ಬೇಕು. ಅದಕ್ಕೆ ಅಜ್ಜನನ್ನು ಕೇಳಿದ್ದೇನೆ, ಅವನು ಇನ್ನೂ ಹೂಂ ಎಂದಿಲ್ಲ.